ಜೇಡಿಮಣ್ಣಿನಲ್ಲಿ ಮೆದುಳಿನ ಹೊರಮೈ: ತೋಡು ತಪ್ಪದ ಹಾಗೆ ಮಾದರಿ ಮಾಡುವ ಕ್ರಮ

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಗಡಿಬಿಡಿ ಶುರುವಾದ ಕೂಡಲೇ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳೂ ಮೇಷ್ಟ್ರುಗಳೂ ಕೇಳುವ ಪ್ರಶ್ನೆ ಒಂದೇ: "ಮೆದುಳಿನ ಮಾದರಿ ಮಾಡಿದ್ದಾಯ್ತು, ಆದರೆ ಇದು ಯಾವ ಗೆರೆ ಅಂತ ಕೇಳಿದರೆ ಹೇಳಲಿಕ್ಕೆ ಬರೋದಿಲ್ಲ. ಎಲ್ಲಿಂದ ಶುರು ಮಾಡಬೇಕಿತ್ತು?"

ಎರಡು ತೋಡುಗಳಿಂದ ಶುರು ಮಾಡಬೇಕಿತ್ತು. ಬಣ್ಣದಿಂದಲ್ಲ, ಸುರುಳಿಗಳಿಂದಲೂ ಅಲ್ಲ. ಸಾಮಾನ್ಯವಾಗಿ ಆಗುವುದೇನೆಂದರೆ, ಮಣ್ಣಿನ ಉಂಡೆ ಮಾಡಿ, ಅದರ ಮೇಲೆ ಹೊಸೆದ ಎಳೆಗಳನ್ನು ಚಕ್ಕುಲಿ ಸುತ್ತಿದ ಹಾಗೆ ಅಂಟಿಸುತ್ತಾರೆ. ದೂರದಿಂದ ಮೆದುಳಿನಂತೆಯೇ ಕಾಣುತ್ತದೆ. ಹತ್ತಿರ ಹೋಗಿ "ಮಾತಿನ ಕೇಂದ್ರ ತೋರಿಸು" ಅಂದರೆ ಬಾವುಟ ಚುಚ್ಚಲು ಜಾಗವೇ ಇಲ್ಲ. ನಿಜವಾದ ಮೆದುಳಿನ ಮೇಲ್ಮೈ ಅಂಟಿಸಿದ ಎಳೆಗಳಲ್ಲ. 2ರಿಂದ 4 ಮಿ.ಮೀ. ದಪ್ಪದ ಒಂದೇ ಹೊದಿಕೆ, ತಲೆಬುರುಡೆಯೊಳಗೆ ಹಿಡಿಸಲೆಂದು ಮಡಚಿಕೊಂಡದ್ದು. ಆ ಹೊದಿಕೆಯ ಸುಮಾರು ಮೂರನೇ ಎರಡು ಪಾಲು ಮಡಿಕೆಗಳ ಒಳಗೇ ಅಡಗಿದೆ. ಹಾಗಾಗಿ ಮಾದರಿಯನ್ನು ಅಂಟಿಸಿ ಮಾಡುವುದಲ್ಲ, ಕೊರೆದು ಮಾಡುವುದು.

ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ಮೇಲ್ಮೈಯ ತಗ್ಗು ಗೆರೆಗೆ ಸಲ್ಕಸ್ ಎನ್ನುತ್ತಾರೆ. ಇಲ್ಲಿ ಅದು 'ತೋಡು'. ಎರಡು ತೋಡುಗಳ ನಡುವಿನ ಉಬ್ಬು ಗೈರಸ್. ಇಲ್ಲಿ ಅದು 'ದಿಬ್ಬ'. ಅಡಿಕೆ ತೋಟದ ಬಸಿಗಾಲುವೆ ಮತ್ತು ಗಿಡ ನಿಂತ ಮಣ್ಣು ನೆನಪಿಟ್ಟುಕೊಂಡರೆ ಸಾಕು. ಕಾಲುವೆ ತೋಡಿದ ಮೇಲೆ ದಿಬ್ಬ ತಾನಾಗಿ ಆಗುತ್ತದೆ, ಅದನ್ನು ಬೇರೆ ಮಾಡಬೇಕಾಗಿಲ್ಲ.

ನಾವು ಮಾಡುವುದು ಎಡ ಅರ್ಧ ಮಾತ್ರ, ಸಹಜ ಗಾತ್ರದಲ್ಲಿ. ಇಡೀ ಮೆದುಳು ಮಾಡಿದರೆ ಒಳಮೈ ಕಾಣುವುದಿಲ್ಲ, ಮಣ್ಣೂ ಎರಡರಷ್ಟು. ಎಡವೇ ಏಕೆಂದರೆ ಬಲಗೈ ಬಳಸುವವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಮಾತಿನ ಕೇಂದ್ರಗಳಿರುವುದು ಎಡಗಡೆಯೇ.

ಬೇಕಾಗುವ ಸಾಮಾನು

ಜೇಡಿಮಣ್ಣು ಒಂದೂವರೆ ಕಿಲೋ. ಒಂದು ಹಿಡಿ ಅರಳೆ. ಹಳೆಯ ದಿನಪತ್ರಿಕೆ ನಾಲ್ಕೈದು ಹಾಳೆ. ಕೆಲಸ ಮಾಡಲು ಚಪ್ಪಟೆಯಾಗಿ ಒಣಗಿಸಿದ ಅಡಿಕೆ ಹಾಳೆ ಒಂದು. ಮಣ್ಣು ಅದಕ್ಕೆ ಹಲಗೆಗೆ ಕಚ್ಚಿದಂತೆ ಕಚ್ಚುವುದಿಲ್ಲ, ತಿರುಗಿಸುವುದೂ ಸುಲಭ. ತೆಂಗಿನ ಗರಿಯ ಕಡ್ಡಿ, ಬಿದಿರಿನ ಸೀಳು, ಹಳೆಯ ಚಮಚ, ಸ್ಕೇಲು, ಹೊಲಿಗೆ ನೂಲು, ಗುಂಡುಪಿನ್ನು, ಪೋಸ್ಟರ್ ಕಲರ್, ಸ್ವಲ್ಪ ಕೆಂಪು ಉಣ್ಣೆ ನೂಲು, ಫೆವಿಕಾಲ್. ಜೊತೆಗೆ ಕನಿಷ್ಠ ಎರಡು ವಾರ ಸಮಯ. ಮಲೆನಾಡಿನ ಮಳೆಯಲ್ಲಿ ಇದಕ್ಕಿಂತ ಬೇಗ ಒಣಗಿಸುತ್ತೇನೆಂದು ಹೊರಟವರ ಮಾದರಿ ಪ್ರದರ್ಶನದ ಹಿಂದಿನ ರಾತ್ರಿ ಬಿರಿಯುತ್ತದೆ.

ಹಂತ 1: ಮಣ್ಣಿನ ಹದ

ಅಂಗಳ ಅಗೆದ ಕೆಂಪು ಮಣ್ಣು ಬೇಡ. ನಮ್ಮ ಜಂಬಿಟ್ಟಿಗೆ ನೆಲದ ಮಣ್ಣಿನಲ್ಲಿ ನೊರಜು ಜಾಸ್ತಿ, ಅಂಟು ಕಡಿಮೆ. ತೋಡು ಕೊರೆಯುವಾಗ ಅಂಚು ಉದುರುತ್ತದೆ. ಕೆರೆಯಂಗಳದ ಜೇಡಿ ಅಥವಾ ಗಣಪತಿ ಮಾಡುವವರ ಮನೆಯಲ್ಲಿ ಉಳಿದ ಮಣ್ಣು ಸರಿ. ಒಂದು ರಾತ್ರಿ ನೆನೆಸಿ, ಕಲ್ಲು ಆರಿಸಿ, ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ ನಾದಿ. ಅರಳೆ ಗಂಟಾಗಿ ಉಳಿದರೆ ಕಡ್ಡಿಗೆ ಸಿಕ್ಕಿಕೊಂಡು ಬರುತ್ತದೆ.

ಹದ ನೋಡುವುದು ಹೀಗೆ: ಪೆನ್ಸಿಲ್ ದಪ್ಪಕ್ಕೆ ಹೊಸೆದು ತೋರುಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ನೀರು ಸಾಲದು. ಬೆರಳಿಗೆ ಮೆತ್ತಿಕೊಂಡರೆ ನೀರು ಹೆಚ್ಚು.

ಹಂತ 2: ಆಕಾರ

ಒಣಗುವಾಗ ಮಣ್ಣು ಕುಗ್ಗುವುದರಿಂದ ಮೊದಲೇ ಸ್ವಲ್ಪ ದೊಡ್ಡದು ಮಾಡಿ: ಉದ್ದ 17.5 ಸೆಂ.ಮೀ., ಎತ್ತರ 10 ಸೆಂ.ಮೀ., ದಪ್ಪ 7 ಸೆಂ.ಮೀ.

ಅಡಿಕೆ ಹಾಳೆಯ ಮೇಲೆ 1 ಸೆಂ.ಮೀ. ದಪ್ಪದ ಮಣ್ಣಿನ ಹಾಸು ಹಾಕಿ. ಇದೇ ಮುಂದೆ ಒಳಮೈ ಆಗುತ್ತದೆ, ಅಂದರೆ ಬಲ ಅರ್ಧಕ್ಕೆ ಮುಖ ಮಾಡಿರುವ ಚಪ್ಪಟೆ ಭಾಗ. ಅದರ ಮೇಲೆ ಒದ್ದೆ ಪತ್ರಿಕೆಯನ್ನು ಮುದ್ದೆ ಮಾಡಿ ಗುಡ್ಡದ ಹಾಗೆ ಇಟ್ಟು, ಸುತ್ತ 2 ಸೆಂ.ಮೀ. ದಪ್ಪ ಮಣ್ಣು ಹೊದಿಸಿ, ಅಂಚುಗಳನ್ನು ಹಾಸಿಗೆ ಬೆಸೆಯಿರಿ. ತಿರುಳಿಗೆ ಥರ್ಮಕೋಲ್ ಹಾಕಬೇಡಿ. ಮಣ್ಣು ಕುಗ್ಗುತ್ತದೆ, ಥರ್ಮಕೋಲ್ ಕುಗ್ಗುವುದಿಲ್ಲ, ಮಣ್ಣಿಗೆ ಸೀಳಿಕೊಳ್ಳದೆ ಬೇರೆ ದಾರಿಯಿಲ್ಲ. ಪತ್ರಿಕೆಯ ಮುದ್ದೆಯಾದರೆ ಒತ್ತಿದಂತೆ ಒಳಕ್ಕೆ ಹೋಗುತ್ತದೆ.

ಇಲ್ಲೇ ದೊಡ್ಡ ತಪ್ಪೊಂದು ನಡೆಯುತ್ತದೆ. ಎಡ ಅರ್ಧವನ್ನು ಹೊರಗಿನಿಂದ ನೋಡಿದಾಗ ಹಣೆಯ ತುದಿ ನಿಮ್ಮ ಎಡಕ್ಕಿರಬೇಕು. ಬಲಕ್ಕೆ ಬಂತೆಂದರೆ ನೀವು ಮಾಡುತ್ತಿರುವುದು ಬಲ ಅರ್ಧ. ಅನುಮಾನ ಬಂದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಅವರ ಎಡಗಿವಿಯ ಕಡೆಯಿಂದ ನೋಡಿ. ಮೂಗು ಯಾವ ಕಡೆಗಿದೆಯೋ ಹಣೆಯೂ ಆ ಕಡೆಗೆ. ಈಗಲೇ ಮುಂತುದಿಯಲ್ಲಿ ಒಂದು ಪಿನ್ನು ಚುಚ್ಚಿಡಿ, ಕೊನೆಯವರೆಗೂ ತೆಗೆಯಬೇಡಿ.

ಆಮೇಲೆ ಕೆಳಗಿನ ಅಂಚಿನಲ್ಲಿ, ಮುಷ್ಟಿ ಕಟ್ಟಿದಾಗ ಪಕ್ಕದಲ್ಲಿ ಹೆಬ್ಬೆರಳು ಮುಂದಕ್ಕೆ ಚಾಚಿಕೊಂಡ ಹಾಗೆ, ಒಂದು ಉಬ್ಬನ್ನು ಎಳೆದು ತೆಗೆಯಿರಿ. ಅದರ ತುದಿ ಮಾದರಿಯ ಮುಂತುದಿಗಿಂತ ನಾಲ್ಕೈದು ಸೆಂ.ಮೀ. ಹಿಂದೆಯೇ ನಿಲ್ಲಲಿ. ಇದು ಕಣತಲೆ ಹಾಲೆ (ಹಾಲೆ ಎಂದರೆ ಮೆದುಳಿನ ಒಂದು ದೊಡ್ಡ ಭಾಗ).

ಹಂತ 3: ಎರಡು ಮುಖ್ಯ ತೋಡುಗಳು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಒಂದು ಗಂಟೆ ಹೋದರೂ ಹೋಗಲಿ.

ಮೊದಲನೆಯದು ಪಕ್ಕದ ತೋಡು. ಹಳೆಯ ಪುಸ್ತಕಗಳಲ್ಲಿ ಸಿಲ್ವಿಯಸ್ ಸೀಳು ಎಂದಿರುತ್ತದೆ. ಹೆಬ್ಬೆರಳಿನಂಥ ಉಬ್ಬು ಮತ್ತು ಅದರ ಮೇಲಿನ ಭಾಗದ ನಡುವೆ, ಕೆಳಗಿನಿಂದ ಹೊರಟು ಹಿಂದಕ್ಕೆ, ಸ್ವಲ್ಪವೇ ಮೇಲೇರುತ್ತಾ ಸುಮಾರು 7 ಸೆಂ.ಮೀ. ಎಳೆಯಿರಿ. ಕೊನೆಯಲ್ಲಿ ತುದಿ ಮೇಲಕ್ಕೆ ಬಾಗಲಿ. ಚಮಚದ ಹಿಡಿಯಿಂದ 1.5 ಸೆಂ.ಮೀ. ಆಳ ಮಾಡಿ, ಮಾದರಿಯಲ್ಲಿ ಇಷ್ಟು ಆಳದ ತೋಡು ಬೇರೆ ಇಲ್ಲ. ಇದರ ತಳದಲ್ಲಿ ಹೊರಗೆ ಕಾಣದ ಇನ್ಸುಲಾ ಎಂಬ ಹಾಲೆ ಅಡಗಿದೆ.

ಎರಡನೆಯದು ನಡು ತೋಡು, ರೋಲಾಂಡೋ ತೋಡು ಎಂದೂ ಹೆಸರು. ಇದನ್ನು ಕಣ್ಣಂದಾಜಿನಲ್ಲಿ ಎಳೆಯಬೇಡಿ. ನೂಲು ತೆಗೆದುಕೊಂಡು ಮುಂತುದಿಯಿಂದ ಹಿಂತುದಿಯವರೆಗೆ ಮೇಲಂಚಿನ ಬಾಗಿನ ಮೇಲೇ ಹಾಯಿಸಿ, ಕತ್ತರಿಸಿ, ಅರ್ಧಕ್ಕೆ ಮಡಚಿ. ಮಧ್ಯಬಿಂದುವಿಗಿಂತ 1 ಸೆಂ.ಮೀ. ಹಿಂದೆ ಗುರುತು ಹಾಕಿ. ತೋಡಿನ ಮೇಲ್ತುದಿ ಅದು. ಸ್ಕೇಲನ್ನು ನೇರ ಹಿಡಿದು ಅಳೆದರೆ ಬಾಗಿನ ಲೆಕ್ಕ ತಪ್ಪುತ್ತದೆ.

ಆ ಗುರುತಿನಿಂದ ಕೆಳಕ್ಕೂ ಮುಂದಕ್ಕೂ ಇಳಿಯಿರಿ. ಮೇಲಂಚಿನೊಂದಿಗೆ ಮುಂದಿನ ಕಡೆಗೆ ಸುಮಾರು 70 ಡಿಗ್ರಿ ಕೋನ. ನೇರ ಗೆರೆ ಎಳೆದರೆ ಕೃತಕವಾಗಿ ಕಾಣುತ್ತದೆ. ಮೇಲಿನ ಅರ್ಧದಲ್ಲಿ ಒಂದು ಕಡೆ ಹಿಂದಕ್ಕೆ ಉಬ್ಬಿದ ಬಾಗು ಕೊಡಿ. ಅದು ಸುಮ್ಮನೆ ಅಂದಕ್ಕಲ್ಲ. ಅದರ ಮುಂದಿನ ದಿಬ್ಬ ಅಲ್ಲಿ ಗುಬ್ಬಿಯ ಹಾಗೆ ಹಿಂದಕ್ಕೆ ತಳ್ಳಿಕೊಂಡಿರುತ್ತದೆ, ಮತ್ತು ಆ ಗುಬ್ಬಿಯೇ ಕೈಯನ್ನು ಆಡಿಸುವ ಜಾಗ. ಎಂ.ಆರ್.ಐ. ಚಿತ್ರ ನೋಡುವವರು ನಡು ತೋಡನ್ನು ಗುರುತಿಸಲು ಇದೇ ಗುಬ್ಬಿಯನ್ನು ಹುಡುಕುತ್ತಾರೆ.

ನಡು ತೋಡನ್ನು ಪಕ್ಕದ ತೋಡಿಗೆ ಮುಟ್ಟಿಸಬೇಡಿ. ಅರ್ಧ ಸೆಂ.ಮೀ. ಇರುವಂತೆ ನಿಲ್ಲಿಸಿ. ಎರಡನ್ನೂ ಕೂಡಿಸಿದ ಮಾದರಿಗಳೇ ಹೆಚ್ಚು, ವಿಷಯ ಗೊತ್ತಿರುವವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಮೇಲ್ತುದಿ ಮಾತ್ರ ಅಂಚು ದಾಟಿ ಒಳಮೈಗೆ ಒಂದು ಸಣ್ಣ ಕಚ್ಚಿನಷ್ಟು ಇಳಿಯಲಿ.

ಹಂತ 4: ಹಾಲೆಗಳ ಗಡಿ

ಹಾಲೆ ಎಂದರೆ ಲೋಬ್. ಕಿವಿಯ ಹಾಲೆ ಎನ್ನುತ್ತೇವಲ್ಲ, ಅದೇ ಪದ. ಚೀಟಿಯಲ್ಲಿ 'ಹಾಳೆ' ಎಂದು ಬರೆದು ನಗೆಪಾಟಲಾಗಬೇಡಿ.

ನಡು ತೋಡಿನ ಮುಂದಿನದೆಲ್ಲ ಹಣೆ ಹಾಲೆ, ಫ್ರಂಟಲ್. ಹಿಂದಿನದು ನೆತ್ತಿ ಹಾಲೆ, ಪೆರೈಟಲ್. ಪಕ್ಕದ ತೋಡಿನ ಕೆಳಗೆ ಕಣತಲೆ ಹಾಲೆ, ಟೆಂಪೊರಲ್. ಹಿಂತುದಿಯದು ಹಿಂದಲೆ ಹಾಲೆ, ಆಕ್ಸಿಪಿಟಲ್. ಈ ಕೊನೆಯದಕ್ಕೆ ಹೊರಮೈಯಲ್ಲಿ ಸ್ಪಷ್ಟ ತೋಡಿನ ಗಡಿ ಇಲ್ಲ, ಆದ್ದರಿಂದ ಇಲ್ಲದ ಕಾಲುವೆಯನ್ನು ಕೊರೆಯಬೇಡಿ. ಮೇಲಂಚಿನಲ್ಲಿ ಹಿಂತುದಿಯಿಂದ 5 ಸೆಂ.ಮೀ. ಮುಂದೆ ಒಂದು ಕಚ್ಚು, ಕೆಳಂಚಿನಲ್ಲೂ ಅಷ್ಟೇ ದೂರದಲ್ಲಿ ಒಂದು ಸಣ್ಣ ಕಚ್ಚು ಮಾಡಿ. ಎರಡನ್ನೂ ಕೂಡಿಸುವ ಗೆರೆ ಕಲ್ಪನೆಯದು. ಬಣ್ಣ ಹಚ್ಚುವಾಗ ಮಾತ್ರ ಬೇಕು. ಆ ಗೆರೆಯ ನಡುವಿನಿಂದ ಪಕ್ಕದ ತೋಡಿನ ಹಿಂತುದಿಗೆ ಇನ್ನೊಂದು ಕಲ್ಪನೆಯ ಗೆರೆ ಎಳೆದರೆ ನೆತ್ತಿ ಹಾಲೆಗೂ ಕಣತಲೆ ಹಾಲೆಗೂ ಗಡಿ ಸಿಕ್ಕಿತು.

ಹಂತ 5: ಉಳಿದ ತೋಡುಗಳು

ಇವನ್ನು ಕಡ್ಡಿಯಿಂದ 5ರಿಂದ 7 ಮಿ.ಮೀ. ಆಳಕ್ಕೆ ಕೊರೆಯಿರಿ. ನಡು ತೋಡಿಗೆ ಸಮಾನಾಂತರವಾಗಿ ಒಂದೂಕಾಲು ಸೆಂ.ಮೀ. ಮುಂದೆ ಒಂದು, ಅಷ್ಟೇ ಹಿಂದೆ ಒಂದು. ಮುಂದಿನದರಿಂದ ಹಣೆಯ ಕಡೆಗೆ ಅಡ್ಡಲಾಗಿ ಎರಡು ಎಳೆದರೆ ಹಣೆ ಹಾಲೆಯಲ್ಲಿ ಮೂರು ದಿಬ್ಬ ಆಗುತ್ತವೆ: ಮೇಲಿನದು, ನಡುವಿನದು, ಕೆಳಗಿನದು. ಕಣತಲೆ ಹಾಲೆಯಲ್ಲೂ ಉದ್ದಕ್ಕೆ ಎರಡು ತೋಡು, ಮೂರು ದಿಬ್ಬ.

ಕೆಳಗಿನ ಹಣೆದಿಬ್ಬದಲ್ಲಿ ಇನ್ನೊಂದು ಕೆಲಸವಿದೆ. ಪಕ್ಕದ ತೋಡಿನ ಮುಂಭಾಗದಿಂದ ಎರಡು ಗಿಡ್ಡ ಕವಲುಗಳನ್ನು ಮೇಲಕ್ಕೆ, ಇಂಗ್ಲಿಷಿನ ವಿ ಅಕ್ಷರದಂತೆ ಬಿಡಿಸಿ. ನಡುವೆ ಒಂದು ತ್ರಿಕೋನ ಉಳಿಯುತ್ತದೆ. ಮಾತಿನ ಕೇಂದ್ರಕ್ಕೆ ಬಾವುಟ ಬೀಳುವುದು ಈ ತ್ರಿಕೋನ ಮತ್ತು ಅದರ ಬೆನ್ನಿಗಿರುವ ತುಂಡಿನ ಮೇಲೆ.

ನೆತ್ತಿ ಹಾಲೆಯಲ್ಲಿ ಎರಡು ಬಾಗುದಿಬ್ಬ ಮರೆಯಬೇಡಿ. ಪಕ್ಕದ ತೋಡಿನ ಹಿಂತುದಿಯನ್ನು ಟೋಪಿಯಂತೆ ಮುಚ್ಚುವುದು ಸುಪ್ರಾಮಾರ್ಜಿನಲ್ ದಿಬ್ಬ. ಕಣತಲೆಯ ಮೇಲಿನ ತೋಡಿನ ಹಿಂತುದಿಯನ್ನು ಅದೇ ರೀತಿ ಮುಚ್ಚುವುದು ಆಂಗ್ಯುಲರ್ ದಿಬ್ಬ.

ಉಳಿದ ಕಡೆ ಸಣ್ಣಪುಟ್ಟ ತೋಡುಗಳನ್ನು ನಿಮ್ಮಿಷ್ಟದಂತೆ ಎಳೆಯಬಹುದು. ಇಬ್ಬರ ಮೆದುಳಲ್ಲಿ ಅವು ಒಂದೇ ಥರ ಇರುವುದಿಲ್ಲ.

ಹಂತ 6: ಒಳಮೈ

ಎರಡು ಮೂರು ದಿನ ಬಿಟ್ಟು, ಮಣ್ಣು ಉಗುರಿಗೆ ಗೀರು ಬೀಳುವಷ್ಟು ಮಾತ್ರ ಮೆತ್ತಗಿರುವಾಗ, ಹಳೆಯ ಬಟ್ಟೆಯ ಸಿಂಬಿಯ ಮೇಲೆ ಮಾದರಿಯನ್ನು ಮಗುಚಿ ಹಾಕಿ. ಇಲ್ಲಿ ಹಾಸು 1 ಸೆಂ.ಮೀ. ಮಾತ್ರ ಇರುವುದರಿಂದ 4 ಮಿ.ಮೀ.ಗಿಂತ ಆಳಕ್ಕೆ ಹೋಗಬೇಡಿ.

ನಡುವೆ ಕೊಕ್ಕೆಯಾಕಾರದ ಬಿಳಿ ಪಟ್ಟಿ: ಕಾರ್ಪಸ್ ಕಲೋಸಮ್, ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ಸೇತುವೆ. ಮಾದರಿಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉದ್ದ, ಹಿಂತುದಿಗಿಂತ ಮುಂತುದಿಗೆ ಹತ್ತಿರ. ಅದರ ಮೇಲೆ ಅದೇ ಬಾಗಿನಲ್ಲಿ ಸಿಂಗ್ಯುಲೇಟ್ ತೋಡು. ಹಿಂದೆ ಹೋದಂತೆ ಇದು ಮೇಲಕ್ಕೆ ತಿರುಗಿ ಅಂಚು ಮುಟ್ಟುತ್ತದೆ. ಇದೊಂದು ಒಳ್ಳೆಯ ತಾಳೆ: ನಡು ತೋಡಿನ ಕಚ್ಚು ಈ ತಿರುವಿನ ಸ್ವಲ್ಪ ಮುಂದೆಯೇ ಬರಬೇಕು. ಬರದಿದ್ದರೆ ಎರಡರಲ್ಲಿ ಒಂದು ತಪ್ಪಿದೆ. ಹಿಂಭಾಗದಲ್ಲಿ ಅಡ್ಡ ಮಲಗಿದ ವೈ ಅಕ್ಷರದ ತೋಡು: ಒಂದು ಕೈ ಮೇಲಂಚಿನ ಕಚ್ಚಿಗೆ, ಇನ್ನೊಂದು ಹಿಂತುದಿಗೆ. ಹಿಂತುದಿಗೆ ಹೋಗುವುದು ಕ್ಯಾಲ್ಕರೈನ್ ತೋಡು, ನೋಟದ ಕೇಂದ್ರ ಇರುವುದು ಇದರ ಎರಡೂ ದಂಡೆಯ ಮೇಲೆ.

ಹಂತ 7: ಕಿರುಮೆದುಳು ಮತ್ತು ಕಾಂಡ

ಹಿಂದೆ ಕೆಳಗೆ 5 ಸೆಂ.ಮೀ. ಅಗಲದ ಉಂಡೆ ಅಂಟಿಸಿ. ಅಂಟಿಸುವ ಎರಡೂ ಮೈಗೆ ಗೀರು ಹಾಕಿ ಮಣ್ಣಿನ ನೀರು ಹಚ್ಚಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಕಳಚಿ ಬೀಳುತ್ತದೆ. ಕಿರುಮೆದುಳಿನ ಮೇಲೆ ದಪ್ಪ ದಿಬ್ಬ ಬೇಡ. ಬಾಚಣಿಗೆ ಎಳೆದು ನುಣ್ಣನೆ ಸಮಾನಾಂತರ ಗೆರೆ ಹಾಕಿ. ತೂಕದಲ್ಲಿ ಮೆದುಳಿನ ಹತ್ತರಲ್ಲೊಂದು ಪಾಲು ಇರುವ ಈ ಉಂಡೆಯಲ್ಲಿ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳಿವೆ. ಮುಂದೆ ಹೆಬ್ಬೆರಳು ದಪ್ಪದ ಮೆದುಳಿನ ಕಾಂಡ, ಅದರ ಬುಡದಲ್ಲಿ ಬಿದಿರು ಕಡ್ಡಿಗೆ ತೂತು.

ಹಂತ 8: ಒಣಗಿಸುವುದು

ಮೊದಲ ಮೂರು ದಿನ ಒದ್ದೆ ಬಟ್ಟೆ ಹೊದಿಸಿ, ದಿನಕ್ಕೊಮ್ಮೆ ತಿರುಗಿಸಿ. ಆಮೇಲೆ ನೆರಳು. ಆಷಾಢ, ಶ್ರಾವಣದ ಮಳೆಯಲ್ಲಿ ಒಲೆಯ ಮೇಲಿನ ಅಟ್ಟವೇ ಗತಿ. ಹತ್ತು ಹನ್ನೆರಡು ದಿನ ಬೇಕು. ಅವಸರಕ್ಕೆ ಒಲೆಯ ಬಾಯಿಗೆ ಇಟ್ಟರೆ ಹೊರಗೆ ಗಟ್ಟಿ, ಒಳಗೆ ಹಸಿ. ಪಕ್ಕದ ತೋಡಿನ ಗುಂಟವೇ ಸೀಳುತ್ತದೆ, ಏಕೆಂದರೆ ಅಲ್ಲಿ ಮಣ್ಣು ತೆಳು. ಸಣ್ಣ ಬಿರುಕಿಗೆ ಮಣ್ಣು, ಫೆವಿಕಾಲ್ ಕಲಸಿ ತುಂಬಬಹುದು. ಬೂಷ್ಟು ಹಿಡಿದರೆ ಒಣ ಬಟ್ಟೆಯಿಂದ ಒರೆಸಿ, ನೀರು ಮುಟ್ಟಿಸಬೇಡಿ.

ಹಂತ 9: ಬಣ್ಣ, ಬಾವುಟ, ಕೆಲಸದ ಜಾಗಗಳು

ಹಾಲೆಗಳ ನಕ್ಷೆ ಬೇರೆ, ಕೆಲಸಗಳ ನಕ್ಷೆ ಬೇರೆ. ನಾಲ್ಕು ಹಾಲೆಗಳಿಗೆ ತೆಳು ಬಣ್ಣ ಹಚ್ಚಿ. ಕೆಲಸದ ಜಾಗಗಳಿಗೆ ಮಾತ್ರ ಗಾಢ ಬಣ್ಣ ಮತ್ತು ಪಿನ್ನಿನ ಬಾವುಟ. ಬಾವುಟದ ಮೇಲೆ ಬ್ರಾಡ್ಮನ್ ಸಂಖ್ಯೆಯೂ ಇರಲಿ. ಜರ್ಮನಿಯ ನರವಿಜ್ಞಾನಿ ಕೊರ್ಬಿನಿಯನ್ ಬ್ರಾಡ್ಮನ್ 1909ರಲ್ಲಿ ಸೂಕ್ಷ್ಮದರ್ಶಕದಡಿ ಕೋಶಗಳ ಜೋಡಣೆ ನೋಡಿ ಕೊಟ್ಟ ಸಂಖ್ಯೆಗಳಿವು. 52ರವರೆಗೆ ಇವೆ, ಮನುಷ್ಯರಲ್ಲಿ ಕೆಲವು ಸಂಖ್ಯೆಗಳು ಇಲ್ಲ.

ನಡು ತೋಡಿನ ಮುಂದಿನ ದಿಬ್ಬ: ಚಲನೆ, ಸಂಖ್ಯೆ 4. ಹಿಂದಿನ ದಿಬ್ಬ: ಸ್ಪರ್ಶ, 3, 1, 2. ಎರಡರ ಮೇಲೂ ದೇಹ ತಲೆಕೆಳಗಾಗಿ ನೇತುಬಿದ್ದಿದೆ ಎಂದುಕೊಳ್ಳಿ. ಪಾದ ಅಂಚು ದಾಟಿ ಒಳಮೈಯಲ್ಲಿ. ಸೊಂಟ, ಬೆನ್ನು ಮೇಲಂಚಿನಲ್ಲಿ. ಕೆಳಗೆ ಬಂದಂತೆ ತೋಳು, ಕೈ, ಮುಖ, ತುಟಿ. ಪಕ್ಕದ ತೋಡಿನ ಹತ್ತಿರ ನಾಲಿಗೆ. ಜಾಗ ಹಂಚಿರುವುದು ಅಂಗದ ಗಾತ್ರ ನೋಡಿ ಅಲ್ಲ, ಅದರ ನಯಗಾರಿಕೆ ನೋಡಿ. ಅಡಿಕೆ ಸುಲಿಯುವ ಬೆರಳುಗಳಿಗೆ ಇಡೀ ಬೆನ್ನಿಗಿಂತ ಹೆಚ್ಚು ಜಾಗ. ಮೆದುಳಿನ ಶಸ್ತ್ರವೈದ್ಯರಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಪ್ರಕಟಿಸಿದ ನಕ್ಷೆ ಇದು, ಎಚ್ಚರವಿದ್ದ ರೋಗಿಗಳ ಮೆದುಳನ್ನು ಶಸ್ತ್ರಚಿಕಿತ್ಸೆಯ ವೇಳೆ ವಿದ್ಯುತ್ತಿನಿಂದ ಮುಟ್ಟಿ ಕಂಡುಕೊಂಡದ್ದು.

ತ್ರಿಕೋನ ಮತ್ತು ಅದರ ಹಿಂದಿನ ತುಂಡು: ಬ್ರೋಕಾ ಜಾಗ, 44 ಮತ್ತು 45. ಮಾತು ಹೊರಡಿಸುವ ಕೆಲಸ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 'ಟಾನ್' ಎಂಬ ಒಂದೇ ಉಚ್ಚಾರವಷ್ಟೇ ಉಳಿದಿದ್ದ ರೋಗಿಯೊಬ್ಬನ ಮೆದುಳಲ್ಲಿ ಇಲ್ಲಿ ಹಾನಿ ಕಂಡರು. ಕಣತಲೆಯ ಮೇಲಿನ ದಿಬ್ಬದ ಹಿಂಭಾಗ: ವೆರ್ನಿಕೆ ಜಾಗ, 22, ಕೇಳಿದ ಮಾತಿನ ಅರ್ಥ ಹಿಡಿಯಲು, 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ್ದು. ಇದರ ಗಡಿಯ ಬಗ್ಗೆ ತಿಳಿದವರಲ್ಲೇ ಒಮ್ಮತವಿಲ್ಲ, ಆದ್ದರಿಂದ ದಪ್ಪ ಗೆರೆ ಹಾಕದೆ ಬಣ್ಣವನ್ನು ಅಂಚಿನಲ್ಲಿ ಮಸುಕು ಮಾಡಿ.

ಶಬ್ದದ ಕೇಂದ್ರ, 41 ಮತ್ತು 42, ಹೊರಗೆ ಕಾಣುವುದಿಲ್ಲ. ಅದು ಪಕ್ಕದ ತೋಡಿನೊಳಗೆ, ಕಣತಲೆ ಹಾಲೆಯ ಮೇಲ್ಮುಖದಲ್ಲಿದೆ. ಬಾವುಟವನ್ನು ತೋಡಿನೊಳಕ್ಕೆ ಓರೆಯಾಗಿ ಚುಚ್ಚಿ. ನೋಟದ ಕೇಂದ್ರ 17ರ ಹೆಚ್ಚಿನ ಪಾಲು ಒಳಮೈಯಲ್ಲಿ. ಹಿಂದಲೆ ಹಾಲೆಯ ಇಡೀ ಹೊರಮೈಗೆ 'ನೋಟ 17' ಎಂದು ಬಳಿಯುವುದು ತಪ್ಪು.

ನೆನಪಿಗೆ ಬಾವುಟ ಎಲ್ಲಿ ಎಂದು ಹುಡುಕಬೇಡಿ. ಹೊಸ ನೆನಪು ಕೂಡಿಡುವಲ್ಲಿ ಮುಖ್ಯವಾದ ಹಿಪೊಕ್ಯಾಂಪಸ್ ಕಣತಲೆ ಹಾಲೆಯ ಒಳಮಗ್ಗುಲಲ್ಲಿ ಮಡಚಿಕೊಂಡಿದೆ, ಹೊರಮೈಯಲ್ಲಿ ಇಲ್ಲ.

ಹಂತ 10: ಕೆಂಪು ನೂಲು

ಬೇಕಿದ್ದರೆ ಮಾಡಿ, ಆದರೆ ನನ್ನ ಮಟ್ಟಿಗೆ ಮಾದರಿಗೆ ಜೀವ ಬರುವುದು ಇದರಿಂದಲೇ. ಪಕ್ಕದ ತೋಡಿನಿಂದ ಉಣ್ಣೆ ನೂಲನ್ನು ಹೊರತೆಗೆದು ಬೀಸಣಿಗೆಯಂತೆ ಹೊರಮೈ ಮೇಲೆ ಹರಡಿ ಅಂಟಿಸಿ: ಇದು ಮೆದುಳಿನ ನಡುಧಮನಿ. ಒಳಮೈಯಲ್ಲಿ ಕಾರ್ಪಸ್ ಕಲೋಸಮ್ ಸೇತುವೆಯ ಬೆನ್ನಿನ ಗುಂಟ ಇನ್ನೊಂದು ನೂಲು: ಮುಂಧಮನಿ.

ಈಗ ಬಾವುಟಗಳನ್ನು ನೋಡಿ. ಹೊರಗಿನ ನೂಲಿನ ದಾರಿಯಲ್ಲಿ ಕೈ, ಮುಖ, ಮಾತು ಮೂರೂ ಸಿಕ್ಕಿದವು, ಕಾಲು ಸಿಕ್ಕಲಿಲ್ಲ. ಎಡಗಡೆ ಈ ಧಮನಿ ಕಟ್ಟಿಕೊಂಡವರಿಗೆ ಬಾಯಿ ಸೊಟ್ಟಗಾಗಿ, ಬಲಗೈ ಜೋತುಬಿದ್ದು, ಮಾತು ನಿಂತು, ಕಾಲಿನಲ್ಲಿ ಮಾತ್ರ ಅಷ್ಟಿಷ್ಟು ಶಕ್ತಿ ಉಳಿಯುವುದು ಇದಕ್ಕೇ. ಬಲಗಡೆಯೇ ಏಕೆಂದರೆ ನರತಂತುಗಳು ಕಾಂಡದ ಕೆಳಗೆ ಬದಿ ಬದಲಾಯಿಸುತ್ತವೆ. ನಮ್ಮ ಕಡೆ ಲಕ್ವ ಹೊಡೆಯಿತು ಎಂದರೆ ನಾಟಿ ಔಷಧಿಗೆ ಗಾಡಿ ಹತ್ತುವವರು ಇನ್ನೂ ಇದ್ದಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವುದು ಲಕ್ಷಣ ಶುರುವಾದಾಗಿನಿಂದ 4.5 ಗಂಟೆ. ಮೊದಲು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಮಾದರಿಯ ಪಕ್ಕ ಇಟ್ಟರೆ ನೋಡಲು ಬಂದ ಊರವರಿಗೂ ಉಪಯೋಗ.

ಕೇಳಬಹುದಾದ ಪ್ರಶ್ನೆಗಳು

"ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವಂತೆ, ಹೌದಾ?" ಅಲ್ಲ. ನಿಮ್ಮ ಬಾವುಟಗಳಲ್ಲಿ ಸುಮ್ಮನೆ ಕುಳಿತದ್ದು ಯಾವುದೆಂದು ತೋರಿಸಿ ಎಂದು ನಗುತ್ತಲೇ ಕೇಳಿ. "ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಅಲ್ಲವಾ?" ಮಾತಿನಂಥ ಕೆಲವು ಕೆಲಸ ಒಂದು ಕಡೆಗೆ ವಾಲಿವೆ, ನಿಜ, ಮನುಷ್ಯರನ್ನು ಎಡಮೆದುಳಿನವರು, ಬಲಮೆದುಳಿನವರು ಎಂದು ವಿಂಗಡಿಸಲು ಅದು ಸಾಲದು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್ ಬ್ರೈನ್' ತರಬೇತಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಂಡದ ಮೇಲ್ತುದಿ ತೋರಿಸಿ, ನಡುಮೆದುಳು ಇರುವುದು ಇಲ್ಲಿ, ಕಣ್ಣುಗುಡ್ಡೆಯ ಚಲನೆಯಂಥವು ಇದರ ಕೆಲಸ, ಬಟ್ಟೆಯಾಚೆಗಿನ ಅಕ್ಷರ ಓದುವುದಲ್ಲ ಎನ್ನಿ.

ನಿಜವಾದ ಮೆದುಳು ನೋಡಬೇಕೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ಹೋಗುವಾಗ ನಡು ತೋಡು ಹುಡುಕುವ ನೂಲಿನ ಲೆಕ್ಕ ನೆನಪಿರಲಿ.

ಸಾಗಿಸುವುದು

ಬಾವುಟಗಳನ್ನೆಲ್ಲ ಕಿತ್ತು ಸಂಖ್ಯೆಯ ಪ್ರಕಾರ ಥರ್ಮಕೋಲ್ ತುಂಡಿಗೆ ಚುಚ್ಚಿಕೊಳ್ಳಿ. ರಟ್ಟಿನ ಡಬ್ಬಿಯಲ್ಲಿ ಬತ್ತದ ಹುಲ್ಲು ಒತ್ತಿ ತುಂಬಿ, ಒಳಮೈ ಕೆಳಗಾಗಿ ಇಡಿ. ಬಸ್ಸಿನಲ್ಲಿ ಮೇಲಿನ ಕ್ಯಾರಿಯರಿಗೆ ಹಾಕಬೇಡಿ, ಹಿಂದಿನ ಸೀಟೂ ಬೇಡ. ಮುಂದೆ ಕೂತು ತೊಡೆಯ ಮೇಲೆ ಇಟ್ಟುಕೊಳ್ಳಿ. ಮೊದಲು ಮುರಿಯುವುದು ಹೆಬ್ಬೆರಳಿನಂಥ ಕಣತಲೆ ತುದಿ, ಆಮೇಲೆ ಕಿರುಮೆದುಳು. ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಹದ ಮಣ್ಣು, ಫೆವಿಕಾಲ್ ಮತ್ತು ಅದೇ ಎರಡು ಬಣ್ಣ ಜೊತೆಗಿರಲಿ.